ಬಂಪರ್ ಕೆಳಗಿನ ಆ ಪಟ್ಟಿಗೆ ಹೆಸರೇನು? ಲಿಪ್ಪೋ, ಸ್ಪ್ಲಿಟರ್ರೋ, ಏರ್ ಡ್ಯಾಮೋ?

ಗಾಳಿಪಟ
ಎಲ್ಲರಿಗೂ ನಮಸ್ಕಾರ. ಒಂದು ಗೊಂದಲ ಇದೆ, ಬಗೆಹರಿಸಿ ಕೊಡಿ. ಆನ್‌ಲೈನಲ್ಲಿ "ಫ್ರಂಟ್ ಸ್ಪ್ಲಿಟರ್" ಅಂತ ನೋಡಿ ಒಂದು ಸೆಟ್ ತರಿಸಿದೆ. ಮೂರು ತುಂಡು ಕಪ್ಪು ಪ್ಲಾಸ್ಟಿಕ್, ಜೊತೆಗೆ ಒಂದು ಪೊಟ್ಟಣ ಸ್ಕ್ರೂ. ಡಬ್ಬದ ಮೇಲೆ "ಚಿನ್ ಸ್ಪಾಯ್ಲರ್" ಅಂತ ಇದೆ. ಒಳಗಿನ ಚೀಟಿಯಲ್ಲಿ "ಅಂಡರ್ ಸ್ಪಾಯ್ಲರ್". ಮೆಕ್ಯಾನಿಕ್ ನೋಡಿ "ಓ, ಲಿಪ್ಪಾ" ಅಂದರು. ಗೆಳೆಯನೊಬ್ಬ ಇದು ಏರ್ ಡ್ಯಾಮ್ ಅಂತ ವಾದ ಮಾಡಿದ. ಒಂದೇ ವಸ್ತುವಿಗೆ ಐದು ನಾಮಕರಣ ಆಯಿತು.

ಬಂಪರ್‌ಗೆ ಹಿಡಿದು ಅಳತೆ ನೋಡಿದೆ. ಮುಂದಕ್ಕೆ ಚಾಚಿರುವುದು ಒಂದೂವರೆ ಬೆರಳು. ಕೆಳಕ್ಕೆ ಇಳಿದಿರುವುದು ಎರಡು ಬೆರಳು. ಹಾಗಾದರೆ ಇದು ಏನು? ಹಾಕಿದರೆ ನಿಜಕ್ಕೂ ಏನಾದರೂ ಪ್ರಯೋಜನ ಇದೆಯಾ, ಇಲ್ಲ ಸುಮ್ನೆ ಅಂದಕ್ಕಾ?

ಹಳೇಗೇರ್
ಡಬ್ಬದ ಮೇಲಿನ ಹೆಸರನ್ನು ನಂಬಬೇಡಿ. ಮಾರುವವರಿಗೆ "ಸ್ಪ್ಲಿಟರ್" ಅಂದರೆ ರೇಸಿನ ವಾಸನೆ ಬರುತ್ತದೆ, ಅದಕ್ಕೆ ಎಲ್ಲದಕ್ಕೂ ಅದನ್ನೇ ಅಂಟಿಸುತ್ತಾರೆ. ಆ ಭಾಗ ಗಾಳಿಗೆ ಏನು ಮಾಡುತ್ತದೆ ಅಂತ ನೋಡಿ, ಹೆಸರು ತಾನಾಗಿ ಸಿಗುತ್ತದೆ.

ನೆಟ್ಟಗೆ ಕೆಳಕ್ಕೆ ಇಳಿದು ಗಾಳಿಗೆ ಅಡ್ಡ ನಿಂತರೆ ಅದು ಏರ್ ಡ್ಯಾಮ್. ಕಾಲುವೆಗೆ ಒಡ್ಡು ಹಾಕಿದ ಹಾಗೆ. ಕಾರಿನ ಹೊಟ್ಟೆ ಸಪಾಟಾಗಿ ಇರುವುದಿಲ್ಲ. ಎಂಜಿನ್ ತಳ, ಸಸ್ಪೆನ್ಷನ್ ತೋಳು, ಸೈಲೆನ್ಸರ್ ಪೈಪು, ಎಲ್ಲ ಉಬ್ಬುತಗ್ಗು. ಅಲ್ಲಿಗೆ ನುಗ್ಗಿದ ಗಾಳಿ ಎಲ್ಲದಕ್ಕೂ ತಗುಲಿ ಕಾರನ್ನು ಹಿಂದಕ್ಕೆ ಎಳೆಯುತ್ತದೆ, ಮೂತಿಯನ್ನು ಮೇಲಕ್ಕೂ ಎತ್ತುತ್ತದೆ. ಒಡ್ಡು ಇದ್ದರೆ ಆ ಗಾಳಿ ಪಕ್ಕಕ್ಕೆ ಹೋಗುತ್ತದೆ.

ಅಡ್ಡಡ್ಡ ಮಲಗಿ, ಹಲಗೆಯ ಹಾಗೆ ಮುಂದಕ್ಕೆ ಚಾಚಿದ್ದರೆ ಅದು ಸ್ಪ್ಲಿಟರ್. ಬಂಪರ್‌ಗೆ ಎದುರಾಗಿ ಬಂದ ಗಾಳಿ ಅಲ್ಲೇ ಗಕ್ಕನೆ ನಿಲ್ಲುತ್ತದೆ. ನಿಂತ ಗಾಳಿಗೆ ಒತ್ತಡ ಜಾಸ್ತಿ. ಆ ಒತ್ತಡ ಹಲಗೆಯ ಮೇಲೆ ಕೂರುತ್ತದೆ. ಹಲಗೆಯ ಕೆಳಗೆ ಗಾಳಿ ವೇಗವಾಗಿ ಓಡುವುದರಿಂದ ಅಲ್ಲಿ ಒತ್ತಡ ಕಡಿಮೆ. ಮೇಲಿಂದ ಒತ್ತು, ಕೆಳಗಿಂದ ಎಳೆತ. ಎರಡೂ ಸೇರಿ ಮುಂದಿನ ಚಕ್ರಗಳನ್ನು ನೆಲಕ್ಕೆ ಅದುಮುತ್ತವೆ. ಗಾಳಿಯನ್ನು ಮೇಲೆ ಕೆಳಗೆ ಅಂತ ಸೀಳುವುದರಿಂದ ಆ ಹೆಸರು.

ನಿಮ್ಮದು ಸ್ವಲ್ಪ ಇಳಿದಿದೆ, ಸ್ವಲ್ಪ ಚಾಚಿದೆ, ಎರಡೂ ಪೂರ್ತಿ ಅಲ್ಲ. ಅದು ಲಿಪ್. ಚಿನ್ ಸ್ಪಾಯ್ಲರ್ ಅಂದರೂ ತಪ್ಪಲ್ಲ. ಜಪಾನಿನ ಕಂಪನಿಗಳ ಕ್ಯಾಟಲಾಗಿನಲ್ಲಿ ಇದನ್ನೇ ಅಂಡರ್ ಸ್ಪಾಯ್ಲರ್ ಅನ್ನುತ್ತಾರೆ. ನಿಮ್ಮ ಮೆಕ್ಯಾನಿಕ್ ಹೇಳಿದ್ದೇ ಸರಿ.

ಬೆಳ್ಳಿಬಾನೆಟ್
ಅಂದರೆ ಗಾಳಿಪಟ ಅವರು ದುಡ್ಡು ಕೊಟ್ಟಿದ್ದು ಹಲಗೆಗೆ, ಬಂದಿದ್ದು ತುಟಿ.

ಲೆಕ್ಕದಹುಡುಗಿ
ಪ್ರಯೋಜನದ ಪ್ರಶ್ನೆಗೆ ಲೆಕ್ಕ ಹಾಕಿಯೇ ಬಿಡೋಣ. ಎದುರು ಬಂದ ಗಾಳಿ ಪೂರ್ತಿ ನಿಂತರೆ ಹುಟ್ಟುವ ಒತ್ತಡ ಅಂದರೆ ಗಾಳಿಯ ಸಾಂದ್ರತೆಯ ಅರ್ಧ ಗುಣಿಸು ವೇಗದ ವರ್ಗ. ಸಮುದ್ರಮಟ್ಟದಲ್ಲಿ ಗಾಳಿ ಒಂದು ಘನ ಮೀಟರಿಗೆ ಸುಮಾರು 1.225 ಕೆಜಿ ತೂಗುತ್ತದೆ. ಗಂಟೆಗೆ 100 ಕಿ.ಮೀ. ಅಂದರೆ ಸೆಕೆಂಡಿಗೆ 27.8 ಮೀಟರ್. ಒತ್ತಡ ಸುಮಾರು 473 ಪ್ಯಾಸ್ಕಲ್.

ಈಗ ಒಂದೂವರೆ ಮೀಟರ್ ಅಗಲ, 10 ಸೆಂ.ಮೀ. ಚಾಚಿದ ಒಳ್ಳೆ ಸ್ಪ್ಲಿಟರ್ ತೆಗೆದುಕೊಳ್ಳಿ. ಅದರ ಮೇಲೆ ಪೂರ್ತಿ ಒತ್ತಡ ಬಿದ್ದರೂ 100 ಕಿ.ಮೀ. ವೇಗದಲ್ಲಿ 7 ಕೆಜಿ ತೂಕದಷ್ಟು. 200ರಲ್ಲಿ ನಾಲ್ಕು ಪಟ್ಟು, ಅಂದರೆ 29 ಕೆಜಿ. 40ರಲ್ಲಿ ಬರೀ 1 ಕೆಜಿ ಚಿಲ್ಲರೆ. ಗಾಳಿಪಟ ಅವರ ಒಂದೂವರೆ ಬೆರಳಿನ ತುಟಿಗೆ 100ರಲ್ಲೂ 2 ಕೆಜಿ ದಾಟುವುದಿಲ್ಲ. ಬಾನೆಟ್ ಮೇಲೆ ಎರಡು ಬಾಟಲಿ ನೀರು ಇಟ್ಟ ಹಾಗೆ.

ಗಾಳಿಪಟ
ಮೇಡಂ, ಹೀಗೆ ಎದೆ ಒಡೆಯಬಾರದಿತ್ತು.

ಟ್ರ್ಯಾಕ್‌ಮಣ್ಣು
ಲೆಕ್ಕ ಸರಿ, ಆದರೆ ಅರ್ಧ ಕಥೆ. ಅವರು ಹೇಳಿದ್ದು ಹಲಗೆಯ ಮೇಲಿನ ಒತ್ತಡ ಮಾತ್ರ. ನಿಜವಾದ ಆಟ ಕೆಳಗಡೆ ಇದೆ. ಸ್ಪ್ಲಿಟರ್ ಮುಂಚೂಣಿಯಿಂದ ಹಿಂದಕ್ಕೆ, ಮುಂದಿನ ಆಕ್ಸಲ್ ಹತ್ತಿರದವರೆಗೂ ತಳವನ್ನು ಸಪಾಟಾಗಿ ಮುಚ್ಚಿದರೆ, ಆ ಇಡೀ ಜಾಗ ನೆಲದ ಕಡೆ ಎಳೆಯುತ್ತದೆ. ಚಾಚಿರುವ 10 ಸೆಂ.ಮೀ. ಕಣ್ಣಿಗೆ ಕಾಣುತ್ತದೆ, ಒಳಗಿನ 60 ಸೆಂ.ಮೀ. ಕೆಲಸ ಮಾಡುತ್ತದೆ. ಫೋಟೊದಲ್ಲಿ ಬರುವುದು ಮೊದಲನೆಯದು, ಹಾಗಾಗಿ ಎಲ್ಲರೂ ಅದನ್ನೇ ಕೊಳ್ಳುತ್ತಾರೆ. ತಳ ತೆರೆದಿಟ್ಟು ಮುಂದೆ ಪಟ್ಟಿ ಮಾತ್ರ ಅಂಟಿಸಿದ ಕಾರುಗಳನ್ನು ಟ್ರ್ಯಾಕ್ ಡೇಗಳಲ್ಲಿ (ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನಗಳು) ಬೇಕಾದಷ್ಟು ನೋಡಿದ್ದೇನೆ.

ಇನ್ನೊಂದು. ಹಲಗೆ ಗಟ್ಟಿ ಇರಬೇಕು. ಟ್ರ್ಯಾಕಿನವರಲ್ಲಿ ಒಂದು ಮಾತಿದೆ: ಸ್ಪ್ಲಿಟರ್ ಮೇಲೆ ನೀನು ನಿಲ್ಲಲು ಆಗದಿದ್ದರೆ ಅದು ಸ್ಪ್ಲಿಟರ್ ಅಲ್ಲ. ಹವ್ಯಾಸಿಗಳು ಪ್ಲೈವುಡ್ಡಿನಲ್ಲಿ ಮಾಡಿಕೊಳ್ಳುವುದು ಸುಮ್ನೆ ಅಲ್ಲ. ತಳವನ್ನು ನೇರವಾಗಿ ಕಾರಿನ ಚಾಸಿಗೆ ಕಟ್ಟಬೇಕು, ಪ್ಲಾಸ್ಟಿಕ್ ಬಂಪರ್‌ಗೆ ಅಲ್ಲ. ಮುಂದಿನ ತುದಿಗೆ ಎರಡು ಸಪೋರ್ಟ್ ರಾಡ್. ಆ ರಾಡ್‌ಗಳನ್ನು ಅಂದಕ್ಕೆ ಅಂತ ತುಟಿಗೂ ಹಾಕುವವರಿದ್ದಾರೆ. ತುಟಿಗೆ ಊರುಗೋಲು ಯಾಕೆ ಬೇಕು ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ನನ್ನ ಕತೆಯನ್ನೂ ಹೇಳಿಬಿಡುತ್ತೇನೆ. ಮೊದಲನೇ ಸಲ ಫೈಬರ್‌ಗ್ಲಾಸ್ ಹಲಗೆಯನ್ನು ಬಂಪರ್‌ಗೇ ಬೋಲ್ಟ್ ಮಾಡಿದ್ದೆ. ನೇರ ದಾರಿಯಲ್ಲಿ ವೇಗ ಏರಿದಂತೆ ಸ್ಟೀರಿಂಗ್ ಭಾರವಾಯಿತು, ಖುಷಿಯಾಯಿತು. ಎರಡನೇ ಸುತ್ತಿನಲ್ಲಿ ಬ್ರೇಕ್ ಒತ್ತಿದಾಗ ಮೂತಿ ಬಗ್ಗಿತು, ಹಲಗೆಯ ಎಡ ಮೂಲೆ ನೆಲಕ್ಕೆ ತಾಗಿತು. ಟಕ್ ಅಂತ ಒಂದು ಸದ್ದು. ಮುಂದಿನ ತಿರುವಿನಲ್ಲಿ ಆ ತುಂಡು ಚಕ್ರದ ಕೆಳಗೆ ಹೋಗಿತ್ತು. ಕಾರು ನೆಟ್ಟಗೆ ಮಣ್ಣಿಗೆ. ನನ್ನ ಈ ಹೆಸರು ಬಂದಿದ್ದು ಅಲ್ಲಿಂದಲೇ.

ಹಳೇಗೇರ್
ಟ್ರ್ಯಾಕ್‌ಮಣ್ಣು ಹೇಳಿದ್ದಕ್ಕೆ ನನ್ನದೂ ಒಂದು ಓಟು. ಮುಂದೆ ಮಾತ್ರ ಹಿಡಿತ ಹೆಚ್ಚಿಸಿಕೊಂಡರೆ ಹಿಂಭಾಗ ಹೋಲಿಕೆಯಲ್ಲಿ ಹಗುರ ಆಗುತ್ತದೆ ಅನ್ನುವುದನ್ನೂ ಸೇರಿಸಿ. ವೇಗದಲ್ಲಿ ಹಿಂದಿನ ಚಕ್ರ ಜಾರಿದರೆ ಸಾಮಾನ್ಯ ಚಾಲಕನಿಗೆ ಸರಿ ಮಾಡುವುದು ಕಷ್ಟ. ಮೊದಲ ತಲೆಮಾರಿನ ಆಡಿ ಟಿಟಿ 1998ರಲ್ಲಿ ಬಂದಾಗ ಹಿಂದೆ ಸ್ಪಾಯ್ಲರ್ ಇರಲಿಲ್ಲ, ನುಣ್ಣನೆ ಗುಂಡು ಬೆನ್ನು. ಹೆಚ್ಚು ವೇಗದಲ್ಲಿ ಅಪಘಾತಗಳಾದವು. ಆಮೇಲೆ ಕಂಪನಿ ಕಾರುಗಳನ್ನು ವಾಪಸ್ ಕರೆಸಿ ಹಿಂದೆ ಸಣ್ಣ ಸ್ಪಾಯ್ಲರ್ ಕೂರಿಸಿತು, ಸಸ್ಪೆನ್ಷನ್ ಬದಲಿಸಿತು, ಕಾರು ಜಾರಿದರೆ ತಾನೇ ಬ್ರೇಕ್ ಹಾಕಿ ಹಿಡಿಯುವ ಇಎಸ್‌ಪಿ ಸೇರಿಸಿತು. ಮುಂದಿನದನ್ನು ಮುಟ್ಟುವಾಗ ಹಿಂದಿನದನ್ನು ಮರೆಯಬಾರದು.

ಮೂಕಹಾರ್ನ್
ನನಗೆ ಒಂದು ಡೌಟು. ಬಂಪರ್‌ನ ಎರಡು ಮೂಲೆಯಲ್ಲಿ ಓರೆಯಾಗಿ ಅಂಟಿಸಿರುವ ಸಣ್ಣ ರೆಕ್ಕೆಗಳಿಗೆ ಏನಂತಾರೆ? ಕೆಲವರು ಕ್ಯಾನಾರ್ಡ್ ಅಂತಾರೆ, ಕೆಲವರು ಡೈವ್ ಪ್ಲೇನ್ ಅಂತಾರೆ. ಎರಡೂ ಒಂದೇನಾ?

ಬೆಳ್ಳಿಬಾನೆಟ್
ನಮ್ಮ ಗ್ಯಾರೇಜಿನ ಹುಡುಗ ಅದಕ್ಕೆ "ಮೀಸೆ" ಅಂತಾನೆ. "ಅಣ್ಣ, ಮೀಸೆ ಒಂದು ಕಡೆ ಬಿದ್ದೋಗಿದೆ" ಅಂದಾಗ ನಾನು ನನ್ನ ಮುಖ ಮುಟ್ಟಿ ನೋಡಿಕೊಂಡಿದ್ದೆ.

ಹಳೇಗೇರ್
ಮೀಸೆ! ಇದಕ್ಕಿಂತ ಒಳ್ಳೆ ಹೆಸರು ಇಂಗ್ಲಿಷಿನಲ್ಲೂ ಇಲ್ಲ.

ಎರಡೂ ಒಂದೇ. ಕ್ಯಾನಾರ್ಡ್ ಅಂದರೆ ಫ್ರೆಂಚಿನಲ್ಲಿ ಬಾತುಕೋಳಿ. 1906ರಲ್ಲಿ ಪ್ಯಾರಿಸ್‌ನಲ್ಲಿ ಸಾಂತೋಸ್ ದ್ಯೂಮೊಂ ಹಾರಿಸಿದ ವಿಮಾನಕ್ಕೆ ದೊಡ್ಡ ರೆಕ್ಕೆ ಹಿಂದೆ ಇತ್ತು, ಉದ್ದ ಕತ್ತಿನ ತುದಿಯಲ್ಲಿ ಸಣ್ಣ ರೆಕ್ಕೆ ಮುಂದೆ ಇತ್ತು. ಕತ್ತು ಚಾಚಿ ಹಾರುವ ಬಾತಿನ ಹಾಗೆ ಕಂಡಿತು, ಆ ಹೆಸರು ನಿಂತಿತು. ಅಲ್ಲಿಂದ ಮುಂದೆ ಇರುವ ಪುಟ್ಟ ರೆಕ್ಕೆಗಳಿಗೆಲ್ಲ ಕ್ಯಾನಾರ್ಡ್ ಅಂತ ಆಯಿತು, ಕಾರಿಗೂ ಬಂತು. ಅದೇ ಪದಕ್ಕೆ ಗಾಳಿಸುದ್ದಿ ಅನ್ನುವ ಅರ್ಥವೂ ಇದೆ. ಅಂಗಡಿಯಲ್ಲಿ ಸಿಗುವ ಅರ್ಧಕ್ಕರ್ಧ ಮೀಸೆಗಳಿಗೆ ಆ ಎರಡನೇ ಅರ್ಥವೇ ಹೊಂದುತ್ತದೆ ಅನ್ನಿ.

ಅದರ ಕೆಲಸ ಎರಡು. ಮೇಲೆ ಬಿದ್ದ ಗಾಳಿಯಿಂದ ಅಷ್ಟಿಷ್ಟು ಒತ್ತುತ್ತದೆ. ಅದಕ್ಕಿಂತ ಮುಖ್ಯವಾಗಿ, ಅದರ ತುದಿಯಿಂದ ಗಾಳಿ ಸುರುಳಿ ಸುತ್ತಿಕೊಂಡು ಕಾರಿನ ಪಕ್ಕದಲ್ಲಿ ಹಿಂದಕ್ಕೆ ಹೋಗುತ್ತದೆ. ಚೆನ್ನಾಗಿ ಕೂರಿಸಿದ್ದರೆ ಆ ಸುರುಳಿ ವೀಲ್ ಆರ್ಚ್ (ಚಕ್ರದ ಮೇಲಿನ ಕಮಾನು) ಒಳಗಿನ ಗಾಳಿಯನ್ನು ಹೊರಗೆ ಎಳೆಯಲು ನೆರವಾಗುತ್ತದೆ. ತಪ್ಪು ಕೋನದಲ್ಲಿ ಕೂರಿಸಿದರೆ ಬರೀ ಎಳೆತ ಹೆಚ್ಚಾಗುತ್ತದೆ. ಸ್ಪ್ಲಿಟರ್, ಹಿಂದಿನ ರೆಕ್ಕೆ ಎಲ್ಲ ಹಾಕಿ ಆದ ಮೇಲೆ ಕೊನೆಯ ಹೊಂದಾಣಿಕೆಗೆ ಬಳಸುವ ವಸ್ತು ಅದು. ಜನ ಅದರಿಂದಲೇ ಶುರು ಮಾಡುತ್ತಾರೆ.

ಲೆಕ್ಕದಹುಡುಗಿ
ಇನ್ನೊಂದು ಹೆಸರಿನ ಜಗಳ ಇದೆ, ಅದನ್ನೂ ಬಗೆಹರಿಸಿ. ಸ್ಪಾಯ್ಲರ್ ಅಂದರೆ ಹಿಂದೆ ಡಿಕ್ಕಿ ಮೇಲೆ ಇರುವುದು ಅಂತ ನಾನು ಅಂದುಕೊಂಡಿದ್ದೆ. ಚಿನ್ ಸ್ಪಾಯ್ಲರ್ ಅಂತ ಮುಂದೆಯೂ ಯಾಕೆ?

ಹಳೇಗೇರ್
ಸ್ಪಾಯ್ಲರ್ ಅಂದರೆ ಗಾಳಿಯ ಹರಿವನ್ನು ಕೆಡಿಸುವುದು ಅಂತ ಅಷ್ಟೇ. ಎಲ್ಲಿ ಇದ್ದರೂ ಸ್ಪಾಯ್ಲರ್ರೇ. ಕಾರಿನ ಮೈಗೆ ಅಂಟಿಕೊಂಡು, ಮೂತಿ ಅಥವಾ ಬೆನ್ನು ಮೇಲೇಳದ ಹಾಗೆ ಗಾಳಿಯನ್ನು ಕೆಡಿಸುತ್ತದೆ. ಎರಡೂ ಬದಿಯಲ್ಲಿ ಗಾಳಿ ಹರಿಯುವ ಹಾಗೆ ಮೈಯಿಂದ ಎತ್ತರಿಸಿ ನಿಲ್ಲಿಸಿದರೆ ಅದು ವಿಂಗ್, ರೆಕ್ಕೆ. ಪೋರ್ಷೆ 911ರಲ್ಲಿ ಎಂಜಿನ್ ಹಿಂದೆ ಇರುವುದರಿಂದ ಮೂತಿ ಮೊದಲೇ ಹಗುರ. 1972ರ 911 ಎಸ್‌ಗೆ ಬಂಪರ್ ಕೆಳಗೆ ಒಂದು ಗದ್ದ ಬಂತು, ವೇಗದಲ್ಲಿ ಮೂತಿ ತೇಲುವುದು ಕಡಿಮೆಯಾಯಿತು. ಮರುವರ್ಷದ ಕಾರೆರಾ ಆರ್‌ಎಸ್‌ಗೆ ಹಿಂದೆ ಆ ಪ್ರಸಿದ್ಧ ಬಾತಿನ ಬಾಲ. ಎರಡೂ ಸ್ಪಾಯ್ಲರ್ರೇ. (ಈ ವಿಷಯದಲ್ಲಿ ಬಾತುಕೋಳಿ ಬಿಟ್ಟು ಮಾತೇ ಇಲ್ಲ ನೋಡಿ.)

ಫಾರ್ಮುಲಾ 1 ರೇಸಿನಲ್ಲಿ ಮುಂದಿನ ರೆಕ್ಕೆ ಬಂದಿದ್ದು ಹೆಚ್ಚು ಹಳೆಯದಲ್ಲ. 1968ರ ಮೊನಾಕೊದಲ್ಲಿ ಗ್ರಹಾಂ ಹಿಲ್ ಓಡಿಸಿದ ಲೋಟಸ್ 49ಬಿ ಮೂಗಿನ ಎರಡು ಪಕ್ಕ ಪುಟ್ಟ ರೆಕ್ಕೆಗಳಿದ್ದವು. ಗೆದ್ದರು ಕೂಡ. ಅದೇ ವರ್ಷ ಬೆಲ್ಜಿಯಂನಲ್ಲಿ ಫೆರಾರಿ ಮತ್ತು ಬ್ರಾಬಮ್ ಹಿಂದೆಯೂ ರೆಕ್ಕೆ ಕಟ್ಟಿಕೊಂಡು ಬಂದವು. ಆಮೇಲೆ ಫಾರ್ಮುಲಾ 1 ಹಿಂತಿರುಗಿ ನೋಡಲಿಲ್ಲ.

ಕೂಲಂಟ್
ಎಲ್ಲರೂ ಹಿಡಿತದ ಬಗ್ಗೆಯೇ ಮಾತಾಡುತ್ತಿದ್ದೀರಿ. ಏರ್ ಡ್ಯಾಮಿನ ಇನ್ನೊಂದು ಕೆಲಸ ಯಾರೂ ಹೇಳಲಿಲ್ಲ: ರೇಡಿಯೇಟರ್.

ನನ್ನ ಹಳೇ ಕಾರು ಹೈವೇಯಲ್ಲಿ ಬಿಸಿಯಾಗುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತರೆ ಮುಳ್ಳು ತಣ್ಣಗೆ ಮಧ್ಯದಲ್ಲೇ ಇರುತ್ತಿತ್ತು. 90 ದಾಟಿ ಹತ್ತು ನಿಮಿಷ ಓಡಿಸಿದರೆ ಮೇಲೇರುತ್ತಿತ್ತು. ಒಬ್ಬರು ಥರ್ಮೋಸ್ಟಾಟ್ ಬದಲಿಸಿದರು. ಇನ್ನೊಬ್ಬರು ವಾಟರ್ ಪಂಪ್. ಮೂರನೆಯವರು ಹೆಡ್ ಗ್ಯಾಸ್ಕೆಟ್ ಬಿಚ್ಚೋಣ ಅಂದರು. ಅಷ್ಟರಲ್ಲಿ ಒಬ್ಬ ವಯಸ್ಸಾದ ಮೆಕ್ಯಾನಿಕ್ ನೆಲಕ್ಕೆ ಗೋಣಿ ಹಾಸಿ, ಮಲಗಿ, ಟಾರ್ಚು ಬಿಟ್ಟು ನೋಡಿದರು. "ಇಲ್ಲೊಂದು ಪಟ್ಟಿ ಇರಬೇಕಿತ್ತಲ್ಲ, ಎಲ್ಲಿ?" ಅಂದರು. ಬಂಪರ್ ಕೆಳಗೆ ಸಾಲಾಗಿ ಆರು ಕ್ಲಿಪ್ ತೂತು, ಒಂದು ತೂತಿನಲ್ಲಿ ಹರಿದ ರಬ್ಬರಿನ ಚೂರು. ಯಾವುದೋ ಹಂಪ್‌ಗೆ ತಗುಲಿ ಕಿತ್ತು ಹೋಗಿತ್ತು, ನನಗೆ ಗೊತ್ತೇ ಆಗಿರಲಿಲ್ಲ. ಪಟ್ಟಿ ಹಾಕಿದರು, ಕಾಯಿಲೆ ವಾಸಿ.

ಕಾರಣ ಸರಳ. ಗಾಳಿ ರೇಡಿಯೇಟರ್ ಮೂಲಕ ನುಗ್ಗಬೇಕಾದರೆ ಮುಂದೆ ಒತ್ತಡ ಜಾಸ್ತಿ, ಹಿಂದೆ ಕಡಿಮೆ ಇರಬೇಕು. ಒಡ್ಡಿನ ಹಿಂದೆ ಒತ್ತಡ ಕಡಿಮೆಯಾಗುತ್ತದೆ, ಅದು ಎಂಜಿನ್ ಕೋಣೆಯ ಬಿಸಿ ಗಾಳಿಯನ್ನು ಕೆಳಕ್ಕೆ ಎಳೆದುಕೊಳ್ಳುತ್ತದೆ. ಒಡ್ಡು ಇಲ್ಲದಿದ್ದರೆ ಕೆಳಗಿಂದ ನುಗ್ಗಿದ ಗಾಳಿ ಆ ದಾರಿ ಕಟ್ಟುತ್ತದೆ. ಕಾರ್ವೆಟ್ ಸಿ5ನಂಥ ಕಾರುಗಳು ಮುಖದ ಗ್ರಿಲ್ಲಿನಿಂದ ಅಲ್ಲ, ಬಂಪರ್ ಕೆಳಗಿನಿಂದಲೇ ಉಸಿರಾಡುತ್ತವೆ. ಅವುಗಳ ಏರ್ ಡ್ಯಾಮ್ ಮುರಿದರೆ ಹೈವೇಯಲ್ಲಿ ಬಿಸಿಯಾಗುವುದು ಆ ಕಾರಿನವರಿಗೆಲ್ಲ ಗೊತ್ತಿರುವ ರೋಗ.

ನಿಂತಾಗ ಬಿಸಿಯಾದರೆ ಮೊದಲು ಫ್ಯಾನ್ ನೋಡಿ. ಓಡುವಾಗ ಮಾತ್ರ ಬಿಸಿಯಾದರೆ ಬಗ್ಗಿ ಬಂಪರ್ ಕೆಳಗೆ ನೋಡುವುದನ್ನೂ ಮರೆಯಬೇಡಿ. ಖರ್ಚಿಲ್ಲದ ಪರೀಕ್ಷೆ.

ಟ್ರ್ಯಾಕ್‌ಮಣ್ಣು
ಕೂಲಂಟ್ ಅಣ್ಣ, ಇದು ಚಿನ್ನದಂಥ ಮಾತು. ಆ ಪಟ್ಟಿ ನೋಡಲು ಎಷ್ಟು ದರಿದ್ರವಾಗಿರುತ್ತದೆ ಅಂದರೆ, ಕಾರು ತಗ್ಗಿಸುವವರು ಮೊದಲು ಕಿತ್ತು ಬಿಸಾಡುವುದೇ ಅದನ್ನು.

ಮೂಕಹಾರ್ನ್
ಪದೇ ಪದೇ ಕೇಳುತ್ತಿದ್ದೇನೆ, ಬೇಸರ ಬೇಡ. ಫ್ರಂಟ್ ಡಿಫ್ಯೂಸರ್ ಅಂತಲೂ ಒಂದು ಇದೆಯಂತೆ. ಡಿಫ್ಯೂಸರ್ ಹಿಂದೆ ಅಲ್ವಾ ಇರುವುದು?

ಟ್ರ್ಯಾಕ್‌ಮಣ್ಣು
ಮುಂದೂ ಇರಬಹುದು. ಸ್ಪ್ಲಿಟರಿನ ತಳ ಚಕ್ರದ ಹತ್ತಿರ ಬರುವಾಗ ಮೇಲಕ್ಕೆ ಓರೆಯಾಗಿ ತೆರೆದುಕೊಂಡರೆ ಅದೇ ಫ್ರಂಟ್ ಡಿಫ್ಯೂಸರ್. ಇಕ್ಕಟ್ಟಿನಲ್ಲಿ ಓಡಿ ಬಂದ ಗಾಳಿಗೆ ನಿಧಾನವಾಗಿ ಅಗಲವಾಗಲು ಜಾಗ ಸಿಗುತ್ತದೆ, ಅದರಿಂದ ಇಕ್ಕಟ್ಟಿನ ಎಳೆತ ಇನ್ನೂ ಜೋರಾಗುತ್ತದೆ. ನಿಸಾನ್ ಸ್ಕೈಲೈನ್ ಜಿಟಿ-ಆರ್ ಆರ್34 ವಿ-ಸ್ಪೆಕ್‌ನಲ್ಲಿ ಕಾರ್ಖಾನೆಯಿಂದಲೇ ಬರುತ್ತಿತ್ತು. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ, ಮಲಗಿಯೇ ನೋಡಬೇಕು.

ಬೆಳ್ಳಿಬಾನೆಟ್
ಮಲಗಿ ನೋಡುವವರ ಸಂಘ ಅಂತ ಮಾಡಿಬಿಡೋಣ.

ಒಂದು ತಮಾಷೆ ಹೇಳಲಾ? ಡಾಡ್ಜ್ ಚಾಲೆಂಜರ್, ಚಾರ್ಜರ್ ಕಾರುಗಳನ್ನು ಸಾಗಿಸುವಾಗ ಸ್ಪ್ಲಿಟರಿಗೆ ಪೆಟ್ಟಾಗದಿರಲಿ ಅಂತ ಹಳದಿ ಪ್ಲಾಸ್ಟಿಕ್ ಪಟ್ಟಿ ಹಾಕಿ ಕಳಿಸುತ್ತಿದ್ದರು. ಕೊಡುವ ಮುಂಚೆ ಡೀಲರ್ ತೆಗೆಯಬೇಕು. ಜನ ಅದೇ ಚೆಂದ ಅಂತ ತೆಗೆಯಲು ಬಿಡಲಿಲ್ಲ. ಹಳದಿ ಪಟ್ಟಿ ಇಟ್ಟುಕೊಂಡೇ ಓಡಿಸಿದರು. ಬೇಕೋ ಬೇಡವೋ ಅಂತ ಎರಡು ಪಂಗಡವೇ ಆಯಿತು. ಸೋಫಾದ ಪ್ಲಾಸ್ಟಿಕ್ ಕವರ್ ತೆಗೆಯದವರ ನೆನಪಾಯಿತು ನನಗೆ.

ಕೂಲಂಟ್
ಆ ಪಟ್ಟಿಯ ಒಳಗೆ ನೀರು, ಮರಳು ಸೇರಿ ಉಜ್ಜಿ ಬಣ್ಣ ಹೋಗುತ್ತದೆ. ಕಾಯಲು ಹಾಕಿದ್ದೇ ಕೆರೆಯುತ್ತದೆ.

ಗಾಳಿಪಟ
ಸರಿ, ಈಗ ನನ್ನ ವಿಷಯಕ್ಕೆ ಬನ್ನಿ. ತುಟಿಯನ್ನು ಹಾಕಲಾ, ಬೇಡವಾ? ಹಾಕಿದರೆ ಯಾವ ಮಾಲು ಒಳ್ಳೆಯದು? ನನಗೆ ಬಂದಿರುವುದು ಗಡಸು ಪ್ಲಾಸ್ಟಿಕ್.

ಹಳೇಗೇರ್
ಚೆಂದ ಅನಿಸಿದರೆ ಹಾಕಿ, ಅದರಲ್ಲಿ ನಾಚಿಕೆ ಪಡುವಂಥದ್ದು ಏನಿದೆ. ಆದರೆ ಎರಡು ಬೆರಳು ಕೆಳಗಿಳಿದರೆ ಹಂಪ್, ರ‍್ಯಾಂಪ್‌ಗಳಲ್ಲಿ ಕೆರೆಯುವುದು ಖಚಿತ. ರೋಜು ಓಡಿಸುವ ಕಾರಿಗೆ ಪಾಲಿಯುರಿಥೇನ್ ಒಳ್ಳೆಯದು. ತಗುಲಿದರೆ ಬಗ್ಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಎಬಿಎಸ್ ಪ್ಲಾಸ್ಟಿಕ್ ಸ್ವಲ್ಪ ತಡೆದು ಆಮೇಲೆ ಸೀಳುತ್ತದೆ. ಫೈಬರ್‌ಗ್ಲಾಸ್ ಬಿರುಕು ಬಿಡುತ್ತದೆ. ಕಾರ್ಬನ್ ಫೈಬರ್ ಹಗುರ, ಗಟ್ಟಿ, ಆದರೆ ಒಂದೇ ಪೆಟ್ಟಿಗೆ ಚೂರು.

ಬರೀ ಡಬಲ್ ಟೇಪ್ ನಂಬಬೇಡಿ, ಸ್ಕ್ರೂ ಹಾಕಿ. ಚೂಪು ಅಂಚು ಬಿಡಬೇಡಿ. ಕಾರಿನಿಂದ ಹೊರಗೆ ಚಾಚುವ ಭಾಗಗಳಿಗೆ ವಿಶ್ವಸಂಸ್ಥೆಯ 26ನೇ ವಾಹನ ನಿಯಮ ಇದೆ. ಅಂಚಿನ ದುಂಡು ಸಾಮಾನ್ಯವಾಗಿ 2.5 ಮಿ.ಮೀ. ತ್ರಿಜ್ಯಕ್ಕಿಂತ ಕಡಿಮೆ ಇರಬಾರದು ಅನ್ನುತ್ತದೆ. ಎದುರಿಗೆ ಸಿಗುವುದು ಯಾರದೋ ಮೊಣಕಾಲು, ಅದಕ್ಕೆ.

ಈ ಕೆರೆಯುವ ತೊಂದರೆಗೆ ಕಂಪನಿಗಳೂ ದಾರಿ ಹುಡುಕಿವೆ. 1990ರಲ್ಲಿ ಬಂದ ಮಿತ್ಸುಬಿಷಿ ಜಿಟಿಒದಲ್ಲಿ ಸುಮಾರು 80 ಕಿ.ಮೀ. ದಾಟಿದ ಮೇಲೆ ಮುಂದಿನ ಏರ್ ಡ್ಯಾಮ್ ತಾನೇ ಕೆಳಗಿಳಿಯುತ್ತಿತ್ತು, ಹಿಂದಿನ ರೆಕ್ಕೆ ಓರೆಯಾಗುತ್ತಿತ್ತು. 2013ರ 911 ಟರ್ಬೊದಲ್ಲಿ ಗಾಳಿ ತುಂಬಿ ಉಬ್ಬಿಸುವ ರಬ್ಬರ್ ತುಟಿ. ಬೇಡವಾದಾಗ ಮಡಚಿಕೊಳ್ಳುತ್ತದೆ. ನನಗೆ ಅತಿ ಇಷ್ಟವಾದ ಉಪಾಯ ಅದು.

ಲೆಕ್ಕದಹುಡುಗಿ
ಈಗಿನದು ಇನ್ನೂ ಮುಂದೆ ಹೋಗಿದೆ. 992 ತಲೆಮಾರಿನ 911 ಜಿಟಿ3 ಆರ್‌ಎಸ್ 200 ಕಿ.ಮೀ. ವೇಗದಲ್ಲಿ 409 ಕೆಜಿ, 285ರಲ್ಲಿ 860 ಕೆಜಿ ಅದುಮುತ್ತದೆ ಅಂತ ಪೋರ್ಷೆ ಹೇಳುತ್ತದೆ. ಮುಂದಿನ ಡಿಕ್ಕಿಯನ್ನೇ ತೆಗೆದು ಅಲ್ಲಿ ಓರೆಯಾಗಿ ಒಂದು ದೊಡ್ಡ ರೇಡಿಯೇಟರ್ ಕೂರಿಸಿದ್ದಾರೆ. ಬಿಸಿ ಗಾಳಿ ಬಾನೆಟ್ಟಿನ ಎರಡು ಹೊಳ್ಳೆಗಳಿಂದ ಹೊರಗೆ. ಗದ್ದ, ತುಟಿ, ಮೀಸೆ ಆಯಿತು, ಈಗ ಮೂಗೂ ಬಂತು.

ಗಾಳಿಪಟ ಅವರೇ, ನಿಮ್ಮ ತುಟಿ ಗಾಳಿಗೆ ಏನಾದರೂ ಮಾಡುತ್ತಾ ಅಂತ ನೋಡಬೇಕಾದರೆ ಉಣ್ಣೆ ದಾರ ಸಾಕು. ಬೆರಳುದ್ದದ ತುಂಡುಗಳನ್ನು ಬಂಪರ್ ಮೂಲೆ, ಚಕ್ರದ ಸುತ್ತ ಟೇಪಿನಲ್ಲಿ ಅಂಟಿಸಿ. ಪಕ್ಕದ ಕಾರಿನಿಂದ ಗೆಳೆಯರು ವಿಡಿಯೊ ಮಾಡಲಿ. ದಾರ ಮೈಗೆ ಅಂಟಿ ನೆಟ್ಟಗೆ ಮಲಗಿದ್ದರೆ ಗಾಳಿ ಸರಾಗ ಹರಿಯುತ್ತಿದೆ. ಹುಚ್ಚು ಕುಣಿತ ಕುಣಿದರೆ ಅಲ್ಲಿ ಗಾಳಿ ಮೈ ಬಿಟ್ಟು ಹೋಗಿದೆ. ಹಾಕುವ ಮುಂಚೆ ಒಂದು ಸಲ, ಹಾಕಿದ ಮೇಲೆ ಒಂದು ಸಲ.

ಗಾಳಿಪಟ
ಮೂರು ದಿನದ ಮೇಲೆ ಬರುತ್ತಿದ್ದೇನೆ. ಉಣ್ಣೆ ದಾರ ಅಂಟಿಸಲು ಕೆಳಗೆ ಬಗ್ಗಿದೆ. ತುಟಿ ವಿಷಯ ಪಕ್ಕಕ್ಕಿಡಿ. ಮುಂದಿನ ಒಂದು ಟೈರಿನ ಎದುರಿಗೆ ಅಂಗೈ ಅಗಲದ ಕಪ್ಪು ಪ್ಲಾಸ್ಟಿಕ್ ಫ್ಲ್ಯಾಪ್ ನೇತಾಡುತ್ತಿದೆ, ಇನ್ನೊಂದು ಟೈರಿನ ಎದುರು ಏನೂ ಇಲ್ಲ, ಬರೀ ಎರಡು ತೂತು. ಇದು ಬೇಕಾಗಿರುವುದಾ? ಇದರ ಹೆಸರೇನು? ಮತ್ತೆ ಐದು ಹೆಸರು ಹೇಳಬೇಡಿ.

ಹಳೇಗೇರ್
ಬೇಕು. ತಿರುಗುವ ಟೈರಿಗೆ ಗಾಳಿ ನೇರ ಹೊಡೆದರೆ ಎಳೆತ ಜಾಸ್ತಿ. ಆ ಫ್ಲ್ಯಾಪ್ ಗಾಳಿಯನ್ನು ಟೈರಿನ ಪಕ್ಕಕ್ಕೆ ತಿರುಗಿಸುತ್ತದೆ. ನೀವು ತರಿಸಿದ ತುಟಿಗಿಂತ ಇದರ ಮೇಲೆ ಎಂಜಿನಿಯರುಗಳು ಜಾಸ್ತಿ ತಲೆ ಕೆಡಿಸಿಕೊಂಡಿರುತ್ತಾರೆ. ಟೈರ್ ಡಿಫ್ಲೆಕ್ಟರ್ ಅಂತ ಹುಡುಕಿ. ಸಿಗದಿದ್ದರೆ ವೀಲ್ ಸ್ಪ್ಯಾಟ್ ಅಂತ. ಎರಡೇ ಹೆಸರು, ಸಮಾಧಾನವಾ?

ಗಾಳಿಪಟ
ಎರಡನೇ ಹೆಸರಿನಲ್ಲಿ ಸಿಕ್ಕಿತು. ಎಡಗಡೆಯದು ಅಂತ ಆರ್ಡರ್ ಮಾಡಿದೆ. ಇವತ್ತು ಬಂತು. ತೂತಿಗೆ ತೂತು ಕೂರುತ್ತಿಲ್ಲ, ವಂಕಿ ಉಲ್ಟಾ ಇದೆ.

ಕೂಲಂಟ್
ಕಾರಿನ ಎದುರು ನಿಂತು ನೋಡಿ ಎಡ ಅಂದಿರಾ?

ಗಾಳಿಪಟ
ಹೌದು. ಯಾಕೆ?

ಕೂಲಂಟ್
ಬಿಡಿಭಾಗದ ಲೆಕ್ಕದಲ್ಲಿ ಎಡ ಬಲ ಯಾವಾಗಲೂ ಸೀಟಿನಲ್ಲಿ ಕೂತು ಮುಂದೆ ನೋಡುವವನದ್ದು.

ಬೆಳ್ಳಿಬಾನೆಟ್
ಎಡ ಫ್ಲ್ಯಾಪ್ ಒಂದು ಹೆಚ್ಚಾಗಿದ್ದರೆ ಕೊಡಿ ಗಾಳಿಪಟ ಅವರೇ, ಈಗಷ್ಟೇ ನಾನೂ ಮಲಗಿ ನೋಡಿ ಬಂದೆ.